ನಾಲ್ಕು ಬೆರಳಿನ ಗುರುತು

ಮನೆಯಿಂದ, ಹೊಲಿಗೆ ಮೆಷಿನ್ನಿನ ಮೇಜಿನ ಮೇಲೆ
ಮಂಗಳವಾರ, ಹದಿನಾಲ್ಕನೇ ತಾರೀಖು, ಬೆಳಗ್ಗೆ

ಪ್ರೀತಿಯ ತಮ್ಮಾ,

ಪ್ರೀತಿಯ ಎಂಬ ಮಾತಿನ ಹತ್ತಿರ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಹಾಳಾಗಿ ಹೋಗಲಿ, ಐವತ್ತು ವರ್ಷದ ರೂಢಿ, ಎಂದುಕೊಂಡು ಬರೆದೇ ಬಿಟ್ಟೆ. ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಹೋಟೆಲಿನಲ್ಲಿ ಮೆಟ್ಟಿಲು ಹತ್ತಿ ಇಳಿಯುವ ಕೆಲಸ ಕೈಕೆಳಗಿನವರಿಗೆ ಹೇಳು, ಎಲ್ಲದಕ್ಕೂ ನೀನೇ ಓಡಬೇಡ. ನಿನ್ನ ಹೆಂಡತಿಯ ಕೆಮ್ಮು ಹೋಯಿತೇ? ಅಮ್ಮ ಹೇಗಿದ್ದಾಳೆ? ಊಟ ಸೇರುತ್ತಿದೆಯೇ, ನಿದ್ದೆ ಬರುತ್ತಿದೆಯೇ, ನನ್ನನ್ನು ಕೇಳುತ್ತಾಳೆಯೇ? ಇಷ್ಟು ತಿಳಿದುಕೊಳ್ಳಲು ಇಪ್ಪತ್ತಮೂರು ದಿನದಿಂದ ಫೋನ್ ಮಾಡುತ್ತಿದ್ದೇನೆ. ನೀನು ಎತ್ತುವುದಿಲ್ಲ. ಎತ್ತದಿದ್ದರೆ ಬೇಡ ಮಹಾರಾಯ. ಕಾಗದವನ್ನು ಕಟ್ ಮಾಡುವ ಗುಂಡಿ ಇನ್ನೂ ಯಾರೂ ಕಂಡುಹಿಡಿದಿಲ್ಲ. ಹರಿದು ಹಾಕಬಹುದು, ಆದರೆ ನಿನ್ನನ್ನು ನಾನು ಬಲ್ಲೆ, ಹರಿಯುವ ಮೊದಲು ಓದುತ್ತೀಯ. ಚಿಕ್ಕಂದಿನಿಂದಲೂ ಎಲ್ಲದರಲ್ಲೂ ಮೂಗು ತೂರಿಸುವ ಬುದ್ಧಿ ನಿನ್ನದು.

ಜಗಳ ಆಡಲು ಬರೆಯುತ್ತಿಲ್ಲ. ಇಲ್ಲ, ಸುಳ್ಳು ಯಾಕೆ ಹೇಳಲಿ, ಜಗಳ ಆಡಲೂ ಬರೆಯುತ್ತಿದ್ದೇನೆ. ಆದರೆ ಕೆಲಸದ ಮಾತೂ ಇದೆ. ಆ ಭಾನುವಾರ ಅಮ್ಮನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದೆಯಲ್ಲ, ಅವಳ ಜೊತೆ ಬಟ್ಟೆಯ ಚೀಲ ಹೋಯಿತು, ಮಾತ್ರೆಯ ಡಬ್ಬಿ ಹೋಯಿತು, ಕನ್ನಡಕ ಹೋಯಿತು. ಎಂಬತ್ತನಾಲ್ಕು ವರ್ಷದ ಚರ್ಮವನ್ನು ಹೇಗೆ ನೋಡಿಕೊಳ್ಳಬೇಕು ಎಂಬುದು ಮಾತ್ರ ನನ್ನ ತಲೆಯಲ್ಲೇ ಉಳಿದುಬಿಟ್ಟಿತು. ನೀನು ಕೇಳಲಿಲ್ಲ. ಕೇಳುವ ಸ್ಥಿತಿಯಲ್ಲಿ ಇರಲೂ ಇಲ್ಲ. ಅಕ್ಕ ಅಮ್ಮನಿಗೆ ಹೊಡೆಯುತ್ತಾಳೆ ಎಂದು ದಾರಿಯಲ್ಲೇ ತೀರ್ಮಾನ ಮಾಡಿಕೊಂಡು ಬಂದವನು ನೀನು. ಆ ಮಾತು ಈಗ ನಮ್ಮ ಕಡೆಯವರ ಎಲ್ಲರ ಬಾಯಲ್ಲೂ ಇದೆ. ಎದುರುಮನೆಯವಳು ಮೊನ್ನೆ ಮಗಳ ಶಾಲೆಯ ಬಟ್ಟೆಗೆ ಅಳತೆ ಕೊಡಿಸಲು ಬಂದವಳು, 'ನಿಮ್ಮ ತಾಯಿ ಕಾಣಿಸ್ತಾನೇ ಇಲ್ಲ' ಎಂದು ಒಂದು ಥರ ನೋಡಿದಳು. ನಾನು ಟೇಪು ಹಿಡಿದು ಆ ಮಗುವಿನ ತೋಳು ಮುಟ್ಟಿದಾಗ ಅವಳ ಕಣ್ಣು ನನ್ನ ಕೈಯ ಮೇಲೇ ಇತ್ತು. ಮೂವತ್ತೆರಡು ವರ್ಷದಿಂದ ಈ ಬೀದಿಯ ಮಕ್ಕಳ ಅಳತೆ ತೆಗೆದ ಕೈ ಇದು. ಚಿಕ್ಕಮ್ಮ ಹೊಡೆದ ಒಂದು ಫೋಟೋದಿಂದ ಇದರ ಮರ್ಯಾದೆ ಹೋಯಿತು ನೋಡು.

ಆ ದಿನ ನಡೆದದ್ದನ್ನು ಇನ್ನೊಂದು ಸಲ ಹೇಳುತ್ತೇನೆ. ಹಿಂದೆ ಹೇಳಿದಾಗ ನೀನು ಬಾಗಿಲಲ್ಲಿ ನಿಂತು ಕಾರಿನ ಕೀ ಕುಣಿಸುತ್ತಿದ್ದೆ, ಕೇಳಿಸಿಕೊಳ್ಳಲಿಲ್ಲ. ಗುರುವಾರ ಬೆಳಗ್ಗೆ ಎಂಟೂವರೆ. ಅಮ್ಮ ತನ್ನ ರೂಮಿನಲ್ಲಿ ಕಾಫಿ ಕುಡಿಯುತ್ತಿದ್ದಳು. ನಾನು ಮೆಷಿನ್ನಿಗೆ ದಾರ ಪೋಣಿಸುತ್ತಿದ್ದೆ. ಬಚ್ಚಲಿನ ಕಡೆ ಫಟ್ ಅಂತ ಸದ್ದಾಯಿತು. ಹೋಗಿ ನೋಡಿದರೆ ವಾಶ್ ಬೇಸಿನ್ನಿನ ಕೆಳಗಿನ ಪೈಪು ಬುಡದಿಂದ ಕಿತ್ತುಕೊಂಡು ಬಂದಿತ್ತು, ನೀರು ಗೋಡೆಗೆ ರಾಚುತ್ತಿತ್ತು. ಟವೆಲ್ ಒತ್ತಿದೆ. ಬಕೆಟ್ ಇಟ್ಟೆ. ಎಲ್ಲಿ ನಿಲ್ಲುತ್ತದೆ? ಎರಡು ನಿಮಿಷದಲ್ಲಿ ಹಜಾರಕ್ಕೆ ಬಂತು, ಹೊಲಿಯಲು ಕೊಟ್ಟ ಬಟ್ಟೆಯ ಗಂಟುಗಳೆಲ್ಲ ನೆನೆದವು. ಆಗ ನಿನಗೆ ಫೋನ್ ಮಾಡಿದೆ. ಇನ್ಯಾರಿಗೆ ಮಾಡಲಿ? ಈ ಮನೆಯ ಪೈಪುಗಳನ್ನೆಲ್ಲ ಹಾಕಿದವರು ಅಪ್ಪ. ಯಾವುದು ಎಲ್ಲಿ ಹೋಗುತ್ತದೆ ಎಂದು ಅವರು ತೋರಿಸಿಕೊಟ್ಟದ್ದು ನಿನಗೊಬ್ಬನಿಗೇ. ನನಗೆ ಅವರು ಕೊಟ್ಟ ಕೆಲಸ ಟಾರ್ಚ್ ಹಿಡಿಯುವುದು. 'ನೀನು ಬೆಳಕು ಬಿಡಮ್ಮ, ಸಾಕು.' ಬಿಟ್ಟೆ. ಎಷ್ಟು ವರ್ಷ ಬಿಟ್ಟೆ. ಬೆಳಕು ಎಲ್ಲಿ ಬೀಳಬೇಕೆಂದು ನನಗೆ ಗೊತ್ತಿತ್ತು, ಅಲ್ಲಿ ಏನಿದೆ ಎಂದು ಯಾರೂ ಹೇಳಲಿಲ್ಲ.

ನೀನು ಫೋನಿನಲ್ಲಿ ಒಂದೇ ಮಾತು ಕೂಗಿದೆ: 'ಮೊದ್ಲು ಗೇಟ್ ಮುಚ್ಚೇ!' ನಾನು ಓಡಿದೆ. ಕಾಲಲ್ಲಿ ಚಪ್ಪಲಿ ಇಲ್ಲ, ಮೈಮೇಲೆ ಒದ್ದೆ ನೈಟಿ. ಓಡಿ ಹೋಗಿ ಬೀದಿಯ ಗೇಟು ಮುಚ್ಚಿದೆ, ಚಿಲಕವನ್ನೂ ಹಾಕಿದೆ. ನೀರು ಬೀದಿಗೆ ಹರಿದರೆ ಜನ ಬೈದಾರು ಎಂದು ಹೇಳುತ್ತಿದ್ದೀಯ ಅಂದುಕೊಂಡೆ. ವಾಪಸ್ಸು ಬಂದು 'ಮುಚ್ಚಿದೆ ಕಣೋ, ಇನ್ನೂ ಬರ್ತಾ ಇದೆ' ಅಂದೆ. 'ಪೂರ್ತಿ ತಿರುಗಿಸೇ, ಬಲಗಡೆಗೆ ತಿರುಗಿಸು' ಅಂದೆ ನೀನು. 'ಗೇಟನ್ನ ಹೆಂಗೋ ತಿರುಗಿಸೋದು, ಅದಕ್ಕೆ ಇರೋದು ಚಿಲಕ' ಅಂದೆ ನಾನು. ಆಗ ನೀನು ನಕ್ಕೆಯಲ್ಲ, ಆ ನಗು ಇನ್ನೂ ನನ್ನ ಕಿವಿಯಲ್ಲಿದೆ. ಅಪ್ಪ ಮತ್ತು ನೀನು ಟ್ಯಾಂಕಿನಿಂದ ಮನೆಗೆ ನೀರು ಬಿಡುವ ದೊಡ್ಡ ಗೇಟ್ ವಾಲ್ವಿಗೆ, ಆ ತಿರುಗಿಸಿ ಮುಚ್ಚುವ ಚಕ್ರಕ್ಕೆ, ಬರೀ ಗೇಟ್ ಅನ್ನುತ್ತಿದ್ದಿರಿ. ಆ ಗೇಟ್ ನನಗೆ ಹೇಗೆ ಗೊತ್ತಾಗಬೇಕು? ನಿಮ್ಮಿಬ್ಬರ ಭಾಷೆಯಲ್ಲಿ ನಾನು ಯಾವತ್ತು ಮಾತಾಡಿದ್ದೆ?

ನೀನು ನಗುತ್ತಿರುವಾಗಲೇ ಅಮ್ಮ ರೂಮಿನಿಂದ ಎದ್ದು ಬಂದಳು. ಬರಿಗಾಲು, ನುಣ್ಣನೆಯ ನೆಲ, ಪಾದ ಮುಳುಗುವಷ್ಟು ನೀರು. 'ಏನಾಯ್ತೇ' ಎಂದು ಒಂದು ಹೆಜ್ಜೆ ಇಟ್ಟಳು, ಎರಡನೆಯದು ಜಾರಿತು. ನಾನು ಫೋನು ಬಿಸಾಕಿ ಹಾರಿದೆ. ಕೈಗೆ ಸಿಕ್ಕಿದ್ದು ಅವಳ ಬಲತೋಳು, ಮೊಣಕೈಯ ಮೇಲೆ. ಗಟ್ಟಿಯಾಗಿ ಹಿಡಿದೆ. ಹೌದು, ಶಕ್ತಿ ಇದ್ದಷ್ಟೂ ಹಿಡಿದೆ, ಮೆತ್ತಗೆ ಹಿಡಿಯಲು ಅದು ಹೂವಿನ ಅಂಗಡಿ ಅಲ್ಲ. ಅವಳು ಬೀಳಲಿಲ್ಲ. ಆ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಏನಾಗುತ್ತದೆ ಎಂದು ನಿನಗೆ ಹೇಳಬೇಕಾಗಿಲ್ಲ. ಅವಳನ್ನು ಕುರ್ಚಿಯಲ್ಲಿ ಕೂರಿಸಿ ಕಾಲು ಒರೆಸಿದೆ. ಎದುರುಮನೆಯವರ ಕೆಲಸಗಾರ ಬಂದು ಮೇಲಿನ ಟ್ಯಾಂಕಿನೊಳಗೆ ನೀರು ಇಳಿಯುವ ಬಾಯಿಗೆ ಬಟ್ಟೆ ತುರುಕಿ ನೀರು ನಿಲ್ಲಿಸಿದ. ಮಾರನೆಯ ದಿನ ಅಮ್ಮನ ತೋಳಿನ ಮೇಲೆ ನಾಲ್ಕು ನೇರಳೆ ಗೆರೆ, ಹಿಂಭಾಗದಲ್ಲಿ ಹೆಬ್ಬೆರಳಿನದೊಂದು. ಅವು ನನ್ನ ಬೆರಳೇ. ಇಲ್ಲ ಎಂದು ನಾನು ಯಾವತ್ತೂ ಹೇಳಲಿಲ್ಲ.

ಆ ಎರಡು ದಿನ ನೀನು ಮಾಡಿದ್ದೇನು? ಚಿಕ್ಕಮ್ಮನಿಗೆ ಫೋನ್, ನಿನ್ನ ಹೆಂಡತಿಯ ಅಣ್ಣನಿಗೆ ಫೋನ್, ದೊಡ್ಡಪ್ಪನ ಮಕ್ಕಳಿಗೆಲ್ಲ ಮೆಸೇಜು. ಅಕ್ಕ ಬೀದಿ ಗೇಟು ಮುಚ್ಚಿ ನೀರು ನಿಲ್ಲಿಸೋಕೆ ಹೋದಳು, ಹ್ಹ ಹ್ಹ ಹ್ಹ. ನನಗೆ ಗೇಟಕ್ಕ ಎಂಬ ಹೆಸರೂ ಬಂತು. ನಾನೂ ನಕ್ಕೆ. ನಗದೆ ಏನು ಮಾಡಲಿ, ಹಲ್ಲು ಬಿಟ್ಟೆ. ಶನಿವಾರ ಚಿಕ್ಕಮ್ಮ ಗೇಟಕ್ಕನನ್ನು ನೋಡಿ ನಗಲೆಂದೇ ಬಂದರು. ಅಮ್ಮನ ತೋಳು ನೋಡಿದರು. ನಗು ನಿಂತಿತು. ನನ್ನನ್ನು ಒಂದು ಮಾತು ಕೇಳಲಿಲ್ಲ, ನಾನು ಅಡುಗೆಮನೆಗೆ ಹೋದಾಗ ಫೋಟೋ ಹೊಡೆದು ನಿನಗೆ ಕಳಿಸಿದರು. ಭಾನುವಾರ ಹನ್ನೊಂದಕ್ಕೆ ನೀನು ಬಾಗಿಲಲ್ಲಿ. ಫೋನಿನಲ್ಲಿ ಕಿಸಿಕಿಸಿ ನಕ್ಕ ಬಾಯಿಯೇ 'ಅಮ್ಮನ ಮೇಲೆ ಕೈ ಮಾಡ್ತೀಯಾ' ಎಂದು ಕೇಳಿತು. ಅಮ್ಮನ ಮುಂದೆ ಕುಳಿತು 'ಯಾರಮ್ಮ ಇದು ಮಾಡಿದ್ದು' ಅಂದೆ. ಅವಳಿಗೆ ಬೆಳಗ್ಗೆ ತಿಂದದ್ದೇ ನೆನಪಿರುವುದಿಲ್ಲ, ಆದರೂ ಪಾಪ ನಿಜವನ್ನೇ ಹೇಳಿದಳು: 'ಇವಳೇ ಹಿಡ್ಕೊಂಡಳು.' ಹಿಡ್ಕೊಂಡಳು ಅಂದಳು ಕಣೋ, ಹೊಡೆದಳು ಅನ್ನಲಿಲ್ಲ. ನಿನ್ನ ಕಿವಿಗೆ ಎರಡೂ ಒಂದೇ ಆಗಿ ಕೇಳಿಸಿತು. ನಿನ್ನ ಮುಂಗೈಯನ್ನು ನೀನೇ ಹಿಸುಕಿ ತೋರಿಸಿ 'ಹಿಡಿದ್ರೆ ಹಿಂಗಾಗುತ್ತಾ?' ಅಂದೆ. ನಿನಗೆ ಐವತ್ತೆರಡು. ಅವಳಿಗೆ ಎಂಬತ್ತನಾಲ್ಕು. ಮೇಲಿಂದ ರಕ್ತ ಗಟ್ಟಿಯಾಗದಿರಲಿ ಎಂದು ಡಾಕ್ಟರು ಕೊಟ್ಟ ಮಾತ್ರೆಯನ್ನು ದಿನವೂ ನುಂಗುತ್ತಾಳೆ. ಹೀಗಾಗುತ್ತದೆ. ಹಿಡಿದರೆ ಹೀಗೇ ಆಗುತ್ತದೆ.

ಬೈದಿದ್ದೇನೆ, ಅದನ್ನು ಮುಚ್ಚಿಡುವುದಿಲ್ಲ. ದಿನಕ್ಕೆ ಹತ್ತು ಸಲ ಬೈದಿದ್ದೇನೆ. ನಲ್ಲಿ ತಿರುಗಿಸಿಟ್ಟು ಮರೆತು ಬಂದಾಗ, ಒಂದೇ ಪ್ರಶ್ನೆಯನ್ನು ಹದಿನೈದನೆಯ ಸಲ ಕೇಳಿದಾಗ, ಹೊಲಿದಿಟ್ಟ ಬಟ್ಟೆಯನ್ನು ಬಿಚ್ಚಿ ಕೂತಾಗ, 'ನನ್ನ ಪ್ರಾಣ ತಿಂತೀಯಲ್ಲ' ಎಂದು ಕೂಗಿದ್ದೇನೆ. ಹೊಡೆದಿಲ್ಲ. ಇನ್ನೂ ಒಂದು ನಿಜ ಹೇಳುತ್ತೇನೆ, ಬೇಕಿದ್ದರೆ ಇದನ್ನೂ ಎಲ್ಲರಿಗೂ ಮೆಸೇಜು ಮಾಡು. ನಿನ್ನ ಕಾರು ತಿರುವಿನಲ್ಲಿ ಮರೆಯಾದಾಗ ಮೊದಲು ಬಂದದ್ದು ಅಳುವಲ್ಲ. ಅಬ್ಬಾ ಎನ್ನಿಸಿತು. ಒಳಗೆ ಹೋಗಿ ನಡು ಹಗಲಲ್ಲಿ ನಾಲ್ಕು ಗಂಟೆ ಹೆಣದ ಹಾಗೆ ಮಲಗಿದೆ. ಎದ್ದ ಮೇಲೆ ಅವಳ ಮಂಚ ನೋಡಿ ಅಳು ಬಂತು. ಎರಡೂ ನಿಜ, ಒಂದನ್ನಷ್ಟೇ ಬರೆದರೆ ನಾನೂ ಚಿಕ್ಕಮ್ಮನ ಫೋಟೋದ ಹಾಗೆ ಆಗುತ್ತೇನೆ.

ಈಗ ಚರ್ಮದ ವಿಷಯ. ನಿನ್ನ ಹೆಂಡತಿಗೂ ಓದಿ ಹೇಳು, ಅಥವಾ ಕಾಗದವನ್ನೇ ಕೊಡು. ಇದನ್ನೆಲ್ಲ ನನಗೆ ಕಲಿಸಿದ್ದು ಕ್ಲಿನಿಕ್ಕಿನ ಆ ದಪ್ಪ ನರ್ಸು. ಎರಡು ವರ್ಷದ ಹಿಂದೆ ಅಮ್ಮನ ಮೊಣಕಾಲ ಕೆಳಗಿನ ಚರ್ಮ ಮಂಚದ ಅಂಚಿಗೆ ತಾಗಿ ಹರಿದಾಗ, ನಾನು ಬುದ್ಧಿ ಇಲ್ಲದೆ ಅಂಟುವ ಪ್ಲಾಸ್ಟರ್ ಹಾಕಿ, ತೆಗೆಯುವಾಗ ಇನ್ನಷ್ಟು ಚರ್ಮ ಕಿತ್ತಿದ್ದೆ. ಆ ನರ್ಸು ನನಗೆ ಉಗಿದು ಕಲಿಸಿದಳು. ಸ್ನಾನದ ನೀರು ಬೆಚ್ಚಗಿದ್ದರೆ ಸಾಕು. ಅವಳು 'ಬಿಸಿ ಸಾಲದು, ಬಿಸಿ ಸಾಲದು' ಅನ್ನುತ್ತಾಳೆ, ಕೇಳಬೇಡ. ಅವಳ ಕೈಗೆ ಈಗ ಬಿಸಿ ಸರಿಯಾಗಿ ಗೊತ್ತಾಗುವುದಿಲ್ಲ. ನಿನ್ನ ಮೊಣಕೈ ಅದ್ದಿ ನೋಡು. ಹತ್ತು ನಿಮಿಷದೊಳಗೆ ಮುಗಿಸಬೇಕು. ಮೈಗೆಲ್ಲ ಸೋಪು ತಿಕ್ಕಬಾರದು, ಕಂಕುಳು, ತೊಡೆಯ ಸಂದು, ಪಾದ, ಇಷ್ಟಕ್ಕೆ ಸಾಕು, ಉಳಿದ ಕಡೆ ಬರೀ ನೀರು. ಒರೆಸುವಾಗ ಉಜ್ಜಬಾರದು, ಟವೆಲ್ ಒತ್ತಿ ಒತ್ತಿ ತೆಗೆಯಬೇಕು. ನಾನು ಹೊಲಿಗೆಯವಳು, ನನ್ನ ಮಾತಿನಲ್ಲಿ ಹೇಳುವುದಾದರೆ ತೊಳೆದು ತೊಳೆದು ಸವೆದ ತೆಳ್ಳನೆಯ ಮಲ್ ಬಟ್ಟೆಯನ್ನು ಹಿಂಡುತ್ತೇವೆಯೇ? ಹಾಗೇ ಇದು. ಮೈ ಪೂರ್ತಿ ಒಣಗುವ ಮೊದಲು, ಇನ್ನೂ ತೇವ ಇರುವಾಗಲೇ, ವ್ಯಾಸಲೀನ್ ಹಚ್ಚಬೇಕು. ಸಾದಾ ವ್ಯಾಸಲೀನ್, ವಾಸನೆ ಇಲ್ಲದ್ದು, ಯಾವ ಅಂಗಡಿಯಲ್ಲಾದರೂ ಸಿಗುತ್ತದೆ, ಚಹಾ ಕುಡಿಯುವ ದುಡ್ಡಿಗೆ ಬರುತ್ತದೆ. ಮೈಮೇಲಿನ ಕೂದಲು ಮಲಗಿದ ದಿಕ್ಕಿಗೇ ಸವರಬೇಕು, ತಿಕ್ಕಬಾರದು. ಅಂಗಾಲಿಗೆ ಹಚ್ಚಿದರೆ ತಕ್ಷಣ ಕಾಲುಚೀಲ ಹಾಕು, ಇಲ್ಲವಾದರೆ ಜಾರುತ್ತಾಳೆ. ಅಪ್ಪ ಹಳೆಯ ನಲ್ಲಿಯ ತಿರುಪಿಗೆ ಬಳಿಯುತ್ತಿದ್ದದ್ದೂ ಅದೇ ಡಬ್ಬಿಯಿಂದ. ಅಮ್ಮ ಅವರ ಚೀಲದಿಂದ ಕದ್ದು ಹಿಮ್ಮಡಿಗೆ ಹಚ್ಚುತ್ತಿದ್ದಳು, ನೆನಪಿದೆಯಾ?

ನೀನು ಕಳಿಸಿದ ಆ ಬಂಗಾರದ ಮುಚ್ಚಳದ ಕ್ರೀಮುಗಳು ನಾಲ್ಕೂ ಬೀರುವಿನಲ್ಲಿವೆ. ಒಂದನ್ನು ಹಚ್ಚಿದ ದಿನ ಅಮ್ಮ 'ಉರಿ ಉರಿ' ಎಂದು ಕುಣಿದಳು, ಕೈಯೆಲ್ಲ ಕೆಂಪು ಗಂಧೆ ಎದ್ದಿತು. ಆಗ ಫೋನ್ ಮಾಡಿ ಹೇಳಿದೆ. 'ಅದು ಒಳ್ಳೆ ಕಂಪೆನೀದು, ನಿನಗೆ ಹಚ್ಚೋಕೆ ಬರಲ್ಲ' ಎಂದೆ ನೀನು. ವಾಸನೆ ಇರುವ ಯಾವುದೂ ಆ ಚರ್ಮಕ್ಕೆ ಒಗ್ಗುವುದಿಲ್ಲ ತಮ್ಮಾ, ಅದರ ಬೆಲೆ ಚರ್ಮಕ್ಕೆ ತಿಳಿಯುವುದಿಲ್ಲ. ಉದ್ದ ತೋಳಿನ ಹತ್ತಿಯ ಅಂಗಿ ಆರು ಹೊಲಿದಿದ್ದೇನೆ, ಹೊಲಿಗೆ ಹೊರಗಡೆ ಬರುವ ಹಾಗೆ, ಒಳಗೆ ಒತ್ತಬಾರದು ಎಂದು. ನೋಡಿದವರು ತಿರುಗಾಮುರುಗಾ ಹಾಕಿದ್ದೀರಿ ಅನ್ನುತ್ತಾರೆ, ಅನ್ನಲಿ. ಪಾರ್ಸೆಲ್ ಮಾಡುತ್ತೇನೆ, ಹಾಕಿಸು. ಮನೆಯ ಮೇಜು ಮಂಚದ ಚೂಪು ಮೂಲೆಗಳಿಗೆಲ್ಲ ಹಳೆಯ ಬಟ್ಟೆ ಸುತ್ತು. ನಿನ್ನ ಉಗುರು, ನಿನ್ನ ಹೆಂಡತಿಯ ಉಗುರು, ಇಬ್ಬರದ್ದೂ ಗಿಡ್ಡವಾಗಿರಲಿ. ಅವಳನ್ನು ಎಬ್ಬಿಸುವಾಗ ಗಡಿಯಾರ, ಬಳೆ ಬಿಚ್ಚಿಡಿ. ತೋಳು ಹಿಡಿದು ಎಳೆಯಲೇಬಾರದು, ಸೊಂಟದ ಹಿಂದೆ ಕೈ ಕೊಟ್ಟು ಅವಳ ಭಾರ ನಿಮ್ಮ ಮೈಗೆ ಬರುವ ಹಾಗೆ ಎತ್ತಬೇಕು. ಆದರೆ ಬೀಳುವಾಗ ಇದನ್ನೆಲ್ಲ ಯೋಚಿಸಲು ಹೊತ್ತಿರುವುದಿಲ್ಲ. ಬೀಳುವಾಗ ಸಿಕ್ಕಿದ್ದನ್ನು ಹಿಡಿಯಬೇಕು.

ಇನ್ನು ಪೈಪು. ನೀನು ಹೋದ ಮೂರನೆಯ ದಿನ ಪಾನಾ ಮಾಮನನ್ನು ಕರೆಸಿದೆ. ಅಪ್ಪನ ಶಿಷ್ಯ, ಯಾವಾಗಲೂ ಕೈಯಲ್ಲಿ ನಟ್ಟು ಬಿಗಿಸುವ ಪಾನಾ ಹಿಡಿದೇ ತಿರುಗುತ್ತಿದ್ದರಲ್ಲ, ಅವರೇ. ಈಗ ಮಂಡಿ ಬಗ್ಗುವುದಿಲ್ಲ. ಅಂಗಳದಲ್ಲಿ ಸ್ಟೂಲು ಹಾಕಿಕೊಂಡು ಕೂತು 'ಕೈ ನಿಂದು, ಬಾಯಿ ನಂದು, ಶುರು ಮಾಡು' ಎಂದರು. ಐವತ್ತೆಂಟನೆಯ ವಯಸ್ಸಿನಲ್ಲಿ ನನ್ನ ಸ್ವಂತ ಮನೆಗೆ ನೀರು ಎಲ್ಲಿಂದ ಬರುತ್ತದೆ ಎಂದು ಕಲಿತೆ. ನಿಮ್ಮ ಆ ಘನವಾದ ಗೇಟ್ ಎಲ್ಲಿತ್ತು ಗೊತ್ತಾ? ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಒಂದು ಗುಂಡಿಯಲ್ಲಿ. ಮೇಲೆ ಹಲಗೆ, ಹಲಗೆಯ ಮೇಲೆ ನನ್ನ ಗುಲಾಬಿ ಕುಂಡ. ಹನ್ನೊಂದು ವರ್ಷ ಅದರ ನೆತ್ತಿಯ ಮೇಲೇ ನೀರು ಹಾಕಿದ್ದೇನೆ. ಪಾನಾ ಮಾಮ ನಗಲಿಲ್ಲ. 'ನಿಮ್ಮಪ್ಪ ನಿನಗೂ ತೋರಿಸಬೇಕಿತ್ತು ಕಣಮ್ಮ' ಎಂದು ತಲೆ ತಗ್ಗಿಸಿ ಕೂತರು. ವಾಲ್ವು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಆ ದಿನ ನಾನು ಅದನ್ನು ಹುಡುಕಿಕೊಂಡಿದ್ದರೂ ತಿರುಗುತ್ತಿರಲಿಲ್ಲವಂತೆ. ಕೇಳಿಸಿಕೊಂಡೆಯಾ? ನಿನ್ನ ಗೇಟು ನಿನಗೂ ಮುಚ್ಚುತ್ತಿರಲಿಲ್ಲ. ಹೊಸದು ಹಾಕಿಸಿದೆ. ಆರು ತಿಂಗಳಿಗೊಮ್ಮೆ ಪೂರ್ತಿ ಮುಚ್ಚಿ ತೆರೆಯಬೇಕು, ತೆರೆದ ಮೇಲೆ ಒಂದು ಚೂರು ಹಿಂದಕ್ಕೆ ತಿರುಗಿಸಿ ಬಿಡಬೇಕು, ಆಗ ಕಚ್ಚಿಕೊಳ್ಳುವುದಿಲ್ಲ. ಬೇಸಿನ್ ಕೆಳಗಿನ ಬಳ್ಳಿಯಂಥ ಪೈಪು ಕೆಲವು ವರ್ಷಕ್ಕೆ ಸೋಲುತ್ತದೆ, ಉಬ್ಬು ಕಂಡರೆ, ಬುಡದಲ್ಲಿ ಪಾಚಿ ಬಣ್ಣ ಕಂಡರೆ, ಕೀಳುವ ಮೊದಲೇ ಬದಲಿಸಬೇಕು. ಎಲ್ಲ ಪೈಪಿಗೂ ಬಣ್ಣದ ಬಟ್ಟೆಯ ಚೂರು ಕಟ್ಟಿದ್ದೇನೆ. ಟ್ಯಾಂಕಿನಿಂದ ಇಳಿಯುವುದಕ್ಕೆ ನೀಲಿ, ಬಿಸಿನೀರಿಗೆ ಕೆಂಪು, ಅಡುಗೆಮನೆಗೆ ಹಳದಿ. ಈಗ ಕಣ್ಣು ಮುಚ್ಚಿಕೊಂಡು ಈ ಮನೆಯ ನೀರು ನಿಲ್ಲಿಸಬಲ್ಲೆ. ನಿಲ್ಲಿಸಿ ಏನು ಮಾಡಲಿ, ಬಚ್ಚಲಿಗೆ ಹೋಗುವವಳು ನಾನೊಬ್ಬಳೇ.

ಈಗ ನಿನ್ನ ಸರದಿ. ಹೋಟೆಲಿನಲ್ಲಿ ಮುನ್ನೂರು ರೂಮಿನ ಪೈಪು ನಿನ್ನ ಬೆರಳ ತುದಿಯಲ್ಲಿದೆ. ಎರಡನೆಯ ಮಹಡಿಯ ನಿನ್ನ ಸ್ವಂತ ಮನೆಯ ವಾಲ್ವು ಎಲ್ಲಿದೆ? ಹೋದ ವರ್ಷ ನಿನ್ನ ಹೆಂಡತಿ ಹೇಳಿದ್ದಳು, ಬಚ್ಚಲಿನ ನಲ್ಲಿ ಸೋರಿದಾಗ ನೀನು ಕೆಳಗಿನ ಕಾವಲುಗಾರನನ್ನು ಕರೆದೆಯಂತೆ. ಇವತ್ತೇ ಹುಡುಕು. ಹುಡುಕಿ ಹೆಂಡತಿಗೂ ತೋರಿಸು, ಅವಳ ಕೈಯಿಂದಲೇ ತಿರುಗಿಸಿ ನೋಡಿಸು, ಗೇಟ್ ಗೀಟ್ ಅನ್ನಬೇಡ, ಇಂಥ ಕಡೆ ಇರುವ ಕೆಂಪು ಚಕ್ರ ಎಂದು ಹೇಳು. ನಿಮ್ಮ ನಲ್ಲಿ ಎಡಕ್ಕೆ ಎತ್ತಿದರೆ ಬಿಸಿ, ಬಲಕ್ಕೆ ತಣ್ಣಗೆ. ಅಮ್ಮನಿಗೆ ಅದು ಗೊತ್ತಾಗುವುದಿಲ್ಲ, ಅವಳು ನಮ್ಮ ಮನೆಯ ಎರಡು ನಲ್ಲಿಯವಳು. ಗೀಸರಿನ ಬಿಸಿಯನ್ನು ಇಳಿಸಿಡು, ಕೈ ಹಿಡಿದರೂ ಸುಡದಷ್ಟಕ್ಕೆ. ಬಚ್ಚಲಿನ ಹೊರಗೆ ಒರಟು ಚಾಪೆ ಹಾಕು, ಒಳಗೆ ಗೋಡೆಗೆ ಹಿಡಿ ಬಿಗಿಸು. ಹಿಡಿ ಇದ್ದರೆ ಅವಳು ಹಿಡಿಯುತ್ತಾಳೆ, ಇಲ್ಲದಿದ್ದರೆ ನೀವು ಅವಳನ್ನು ಹಿಡಿಯಬೇಕಾಗುತ್ತದೆ.

ನನಗೆ ಬೇಕಾದ್ದು ಹೆಚ್ಚೇನಿಲ್ಲ. ಅಮ್ಮನನ್ನು ನೀನೇ ಇಟ್ಟುಕೊಳ್ಳುತ್ತೀಯೋ ಇಟ್ಟುಕೋ, ಅವಳು ನಿನಗೂ ತಾಯಿಯೇ. ವಾಪಸ್ಸು ಕಳಿಸುತ್ತೀಯೋ, ಮಂಚದ ಮೇಲೆ ಹಾಸಿಗೆ ಹಾಸಿಯೇ ಇದೆ. ಆದರೆ ನೀನು ಯಾರ್ಯಾರಿಗೆ ಫೋನ್ ಮಾಡಿ ಹೇಳಿದೆಯೋ ಅವರಿಗೆಲ್ಲ ಮತ್ತೆ ಫೋನ್ ಮಾಡಿ, ಅಕ್ಕ ಹೊಡೆದಿಲ್ಲ, ಬೀಳದ ಹಾಗೆ ಹಿಡಿದಳು ಎಂದು ಹೇಳಬೇಕು. ಗೇಟಿನ ಕಥೆ ಹೇಳಲು ನಿನಗೆ ಅರ್ಧ ದಿನ ಸಾಕಾಯಿತು, ಇದಕ್ಕೂ ಅಷ್ಟೇ ಸಾಕು. ಇಷ್ಟು ಮಾಡುವವರೆಗೆ ನನ್ನ ಮನಸ್ಸು ನಿನ್ನ ಕಡೆ ತಿರುಗುವುದಿಲ್ಲ. ತಿರುಗಬೇಕೆಂದು ನನಗೂ ಇದೆ, ಆಗುತ್ತಿಲ್ಲ.

ಹೊತ್ತಾಯಿತು, ಹನ್ನೆರಡಕ್ಕೆ ಕುರಿಯರ್ ಅಂಗಡಿಯವನು ಚೀಲ ಕಟ್ಟುತ್ತಾನೆ. ಬೆನ್ನಿಗೆ ಬಿಸಿನೀರಿನ ಚೀಲ ಇಟ್ಟುಕೋ. ಅಮ್ಮನ ಕೆನ್ನೆಯನ್ನು ನನ್ನ ಪರವಾಗಿ ಒಂದು ಸಲ ಸವರು, ಮೆತ್ತಗೆ. ನಿನ್ನ ಹೆಂಡತಿಗೆ ನನ್ನ ನೆನಪು ಹೇಳು. ಎಷ್ಟೇ ಸಿಟ್ಟಿದ್ದರೂ ಕೊನೆಯಲ್ಲಿ ಬರೆಯಲೇಬೇಕಾದ್ದು, ನೀನು ಚೆನ್ನಾಗಿರು.

ಇಂತಿ,
ನಿನ್ನ ಅಕ್ಕ

ಮರೆತದ್ದಲ್ಲ, ಈಗಷ್ಟೇ ಬಂದದ್ದು: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ನಿನ್ನ ಹೆಂಡತಿಯ ಫೋನ್ ಬಂತು. ನಿಮ್ಮ ಮೆಟ್ಟಿಲ ಹತ್ತಿರ ನಿಂತು ಪಿಸುಮಾತಿನಲ್ಲಿ ಅಳುತ್ತಿದ್ದಳು. ಅಮ್ಮನ ಎಡತೋಳಿನ ಮೇಲೆ ನಾಲ್ಕು ಗೆರೆ, ಹಿಂದೆ ಒಂದು. ಇವತ್ತು ಬೆಳಗ್ಗೆ ನೀನು ಅದನ್ನು ನೋಡಿ 'ನೀನೂ ಶುರು ಮಾಡಿದ್ಯಾ' ಎಂದು ಅವಳಿಗೆ ಹೇಳಿ, ತಿಂಡಿ ತಿನ್ನದೆ ಹೊರಟುಹೋದೆಯಂತೆ. 'ಅಕ್ಕ, ನಾನು ಮುಟ್ಟಿಲ್ಲ' ಅನ್ನುತ್ತಾಳೆ. ನನಗೆ ಗೊತ್ತು, ಅವಳು ಮುಟ್ಟಿಲ್ಲ. ಅವಳ ಬೆರಳನ್ನು ಆ ಗೆರೆಗಳ ಮೇಲಿಟ್ಟು ನೋಡಿದಳಂತೆ, ಗೆರೆ ಅವಳ ಬೆರಳಿಗಿಂತ ಎಷ್ಟೋ ಅಗಲ. ಈಚೆಗೆ ಅಮ್ಮ ಎಲ್ಲಾದರೂ ಜಾರಿದಳೇ ಎಂದು ನಾನು ಕೇಳಿದ ಮೇಲೆ ಮೆಟ್ಟಿಲಿನ ಸಂಗತಿಯನ್ನೂ ಅವಳೇ ಹೇಳಿದಳು. ಮೊನ್ನೆ ಭಾನುವಾರ ನಿಮ್ಮ ಲಿಫ್ಟ್ ಕೆಟ್ಟಿದ್ದಾಗ ಅಮ್ಮನನ್ನು ಮೆಟ್ಟಿಲ ಮೇಲೆ ಹತ್ತಿಸಿದವರು ಯಾರು? ಮೂರನೆಯ ಮೆಟ್ಟಿಲಲ್ಲಿ ಅವಳ ಕಾಲು ತಪ್ಪಿದಾಗ ಹಿಡಿದವರು ಯಾರು? ಒಳ್ಳೆಯ ಕೆಲಸ ಮಾಡಿದೆ ತಮ್ಮಾ, ಹಿಡಿಯದಿದ್ದರೆ ಅವಳು ಉಳಿಯುತ್ತಿರಲಿಲ್ಲ. ನಾನು ಯಾರಿಗೂ ಹೇಳುವುದಿಲ್ಲ. ಫೋಟೋ ಕಳಿಸುತ್ತೇನೆ ಅಂದಳು, ಬೇಡ ಅಂದೆ. ಈ ಕಾಗದ ಮುಟ್ಟಿದ ಕೂಡಲೇ ಅಮ್ಮನ ಹತ್ತಿರ ಹೋಗಿ ಕೂತು, ಆ ತೋಳಿನ ಮೇಲೆ ನಿನ್ನ ಕೈ ಇಟ್ಟು ನೋಡು. ಒತ್ತಬೇಡ. ಸುಮ್ಮನೆ ಇಡು.